ಇಂಗ್ಲಿಷ್ ಮೇಡಂ ಕೊಂಡ ತೋಟ

ನಮ್ಮ ಇಂಗ್ಲಿಷ್ ಮೇಡಂ ಹೋದ ತಿಂಗಳು ಬಾಣಾವರದಲ್ಲಿ ತೀರಿಕೊಂಡರು. ಸುದ್ದಿ ನನ್ನ ಕಿವಿಗೆ ಬೀಳುವ ಹೊತ್ತಿಗೆ ಮಣ್ಣೂ ಆಗಿಹೋಗಿತ್ತು. ಹಳೇಬೀಡಿನ ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ, ಒಂದೇ ಉದ್ದನೆಯ ಮೇಜಿನ ಎರಡು ತುದಿಯಲ್ಲಿ ಕೂತವರು ನಾವು. ಅವರದು ಇಂಗ್ಲಿಷು, ನನ್ನದು ಲೆಕ್ಕ. ಹೆಡ್‌ಮಾಸ್ಟರಿಂದ ಹಿಡಿದು ಗೇಟಿನ ಹತ್ತಿರ ಕಡಲೆಕಾಯಿ ಮಾರುವವಳವರೆಗೆ ಎಲ್ಲರಿಗೂ ಅವರು ಇಂಗ್ಲಿಷ್ ಮೇಡಂ. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಇಲ್ಲಿಯೂ ಹಾಗೇ ಇರಲಿ.

ಅವರ ಬಗ್ಗೆ ಬರೆಯಲು ನಿನಗೇನು ಹಕ್ಕಿದೆ ಎಂದು ಯಾರಾದರೂ ಕೇಳಿದರೆ ನಾನು ತಲೆ ತಗ್ಗಿಸಬೇಕು. ಅವರು ಬದುಕಿನಲ್ಲಿ ತಮಗಾಗಿ ಮಾಡಿಕೊಂಡ ಒಂದೇ ಒಂದು ಕೆಲಸದಲ್ಲಿ ನಾನು ಮೂಗು ತೂರಿಸಿ ಬುದ್ಧಿವಂತಿಕೆ ತೋರಿಸಿದೆ. ಅದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಸಣ್ಣ ಆಳು. ಗಂಜಿ ಹಾಕಿದ ಹತ್ತಿ ಸೀರೆ, ಹಣೆಯಲ್ಲಿ ತೆಳ್ಳಗೆ ವಿಭೂತಿ, ಎಡಗೈಯಲ್ಲಿ ಗಂಡಸರ ಗಡಿಯಾರ. ಹತ್ತಿರ ಬಂದರೆ ಒಣಕೊಬ್ಬರಿಯ ವಾಸನೆ. ಮೊದಲ ವರ್ಷ ತಲೆಗೆ ಎಣ್ಣೆ ಜಾಸ್ತಿ ಹಚ್ಚುತ್ತಾರೇನೋ ಅಂದುಕೊಂಡಿದ್ದೆ. ವಿಷಯ ಅದಲ್ಲ. ಅವರ ಅಣ್ಣನಿಗೆ ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇತ್ತು. ಮಂಡಿಯ ಹಿಂದೆಯೇ ಮನೆ. ಆ ಮನೆಯಲ್ಲಿ ಮೇಡಮ್ಮಿಗೆ ಕೊಟ್ಟಿದ್ದು ಮೊದಲು ಕೊಬ್ಬರಿ ತುಂಬುತ್ತಿದ್ದ ಉಗ್ರಾಣ. ಸುಗ್ಗಿಯಲ್ಲಿ ಮೂಟೆಗಳು ಹೆಚ್ಚಾದರೆ ಆಗಲೂ ನಾಲ್ಕೈದು ಅವರ ಮಂಚದ ಪಕ್ಕಕ್ಕೇ ಬರುತ್ತಿದ್ದವು. ಉಗ್ರಾಣದ ಬಾಗಿಲಾದ್ದರಿಂದ ಅದಕ್ಕೆ ಚಿಲಕ ಹೊರಗಡೆ ಮಾತ್ರ ಇತ್ತು.

“ನಾನು ಯಾವತ್ತೂ ಬಾಗಿಲು ಹಾಕ್ಕೊಂಡು ಮಲಗಿಲ್ಲ ಸಾರ್. ಒರಗಿಸ್ಕೊಂಡು ಮಲಗಿದ್ದೀನಿ ಅಷ್ಟೇ,” ಎಂದು ಒಮ್ಮೆ ನಗುತ್ತಲೇ ಹೇಳಿದರು. “ನೆಂಟರು ಬಂದ್ರೆ ಮೊದಲು ಸುತ್ತೋದು ನನ್ನ ಹಾಸಿಗೆ. ಅಣ್ಣಯ್ಯ ಪಾಪ ದೇವರಂಥೋರು. ಆದ್ರೂ ಅದು ಅವರ ಮನೆ ತಾನೇ.”

ಯಾಕೆ ಮದುವೆಯಾಗಲಿಲ್ಲ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಪಾಠ ಮಾಡುವುದರಲ್ಲಿ ಅವರದೇ ಒಂದು ವರಸೆ. ಶನಿವಾರ ಬೆಳಗಿನ ಕೊನೆಯ ಪೀರಿಯಡ್ಡಿಗೆ ಒಂಬತ್ತನೆಯ ಕ್ಲಾಸಿನವರನ್ನು ಸಾಲಾಗಿ ದೇವಸ್ಥಾನದ ಮುಂದಕ್ಕೆ ನಡೆಸಿಕೊಂಡು ಹೋಗುವರು. ಟೂರಿಸ್ಟ್ ಬಸ್ಸಿನಿಂದ ಇಳಿದ ಫಾರಿನ್‌ನವರನ್ನು ಒಬ್ಬೊಬ್ಬರೂ ಒಂದೊಂದು ಪ್ರಶ್ನೆ ಕೇಳಬೇಕು. ಹೆಸರು ಕೇಳುವ ಹಾಗಿಲ್ಲ, ದೇಶ ಕೇಳುವ ಹಾಗಿಲ್ಲ, ಪೆನ್ನು ಕೇಳಿದರೆ ಅಲ್ಲೇ ಕಿವಿ ಹಿಂಡುವರು. “ನಿಮಗೆ ನಿಜವಾಗ್ಲೂ ಏನು ತಿಳ್ಕೋಬೇಕು ಅನ್ಸುತ್ತೋ ಅದನ್ನ ಕೇಳ್ರೋ,” ಅನ್ನುವರು. ಹೀಗೇ ಒಂದು ಶನಿವಾರ ಹಗರೆಯ ಒಬ್ಬ ಹುಡುಗಿ, ವಯಸ್ಸಾದ ಫ್ರೆಂಚ್ ಗಂಡಹೆಂಡತಿಯ ಮುಂದೆ ನಿಂತು, “ನಿಮ್ಮ ಮನೇಲಿ ಏನು ಬೆಳೀತೀರಿ?” ಎಂದು ಇಂಗ್ಲಿಷಿನಲ್ಲಿ ಕೇಳಿಬಿಟ್ಟಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರಂತೆ. “ಈಗ ಏನೂ ಬೆಳೆಯಲ್ಲಮ್ಮ. ಹಳ್ಳಿಯಲ್ಲಿ ಹಳೇ ತೋಟದ ಮನೆ ತಗೊಂಡಿದ್ದೀವಿ. ಅದರಲ್ಲಿ ಮೂರು ಪುಟ್ಟ ಮನೆಗಳಿವೆ. ರಜೆಗೆ ಜನ ಬಂದು ಬಾಡಿಗೆಗೆ ಇದ್ದು ಹೋಗ್ತಾರೆ,” ಅಂದರು.

ಮೇಡಂ ಮೈಸೂರಿನಲ್ಲಿ ಓದುವಾಗ ಒಂದು ವರ್ಷ ಫ್ರೆಂಚ್ ಸರ್ಟಿಫಿಕೇಟ್ ಕೋರ್ಸ್ ಮಾಡಿದ್ದರು. ಅಲ್ಲೇ ನಿಂತು ಎರಡು ಮಾತು ಫ್ರೆಂಚಿನಲ್ಲಿ ಆಡಿದರು. ಆ ಹೆಂಗಸಿಗೆ ಎಷ್ಟು ಖುಷಿಯಾಯಿತೋ, ವಿಳಾಸ ಬರೆಸಿಕೊಂಡು ಹೋದವಳು ಮೂರು ತಿಂಗಳಿಗೊಮ್ಮೆ ಕಾಗದ ಬರೆಯತೊಡಗಿದಳು. ಆಮೇಲೆ ನಮ್ಮ ಸ್ಟಾಫ್ ರೂಮಿಗೆ ಅಂಟಿತು ನೋಡಿ ಫ್ರಾನ್ಸಿನ ಹುಚ್ಚು! ಊಟದ ಹೊತ್ತಿಗೆ ಕಾಗದ ಬಿಚ್ಚಿ ಕನ್ನಡದಲ್ಲಿ ಹೇಳುತ್ತಾ ಹೋಗುವರು, ತವರುಮನೆಯ ಸುದ್ದಿಯ ಹಾಗೆ. ಆ ಮನೆಯನ್ನು ಕೊಂಡಾಗ ಸೂರು ಅರ್ಧ ಕುಸಿದಿತ್ತಂತೆ. ದನದ ಕೊಟ್ಟಿಗೆ, ಹುಲ್ಲು ಒಟ್ಟುವ ಮನೆ, ಪಾರಿವಾಳದ ಗೂಡು, ಮೂರನ್ನೂ ರಿಪೇರಿ ಮಾಡಿಸಿ ಮೂರು ಮನೆ ಮಾಡಿದರಂತೆ. ಅಲ್ಲಿ ಜಮೀನು ಕೊಳ್ಳುವಾಗ ಕ್ರಯಪತ್ರವನ್ನು ಎಲ್ಲರ ಮುಂದೆ ಮೊದಲಿನಿಂದ ಕೊನೆತನಕ ಗಟ್ಟಿಯಾಗಿ ಓದಬೇಕಂತೆ. ಮಾರಿದ ಮುದುಕ ಮಾತ್ರ ಮಾರನೆಯ ದಿನವೂ ಕೋಳಿಗಳಿಗೆ ಕಾಳು ಹಾಕಲು ಬಂದನಂತೆ, ಅಭ್ಯಾಸಬಲ. ಬೇಡ ಅನ್ನಲು ಇವರಿಗೆ ಮನಸ್ಸಾಗದೆ ಅವನಿಗೆ ಅಂಗಳದಲ್ಲಿ ಒಂದು ಕುರ್ಚಿ ಹಾಕಿಕೊಟ್ಟರಂತೆ.

“ನಮ್ಮ ಕಡೆ ಆಗಿದ್ರೆ ಕೇಸ್ ಹಾಕ್ತಿದ್ರು ಮೇಡಂ,” ಅಂದೆ ನಾನು.

“ನಾನಾದ್ರೆ ಕುರ್ಚಿ ಹಾಕ್ತಿದ್ದೆ ಸಾರ್,” ಅಂದರು. ಕಾಗದ ಮಡಿಸುತ್ತಾ, “ನಂಗೂ ಅಂಥದ್ದೊಂದು ಬೇಕು. ನೆಂಟರಿಗೆ ಜಾಗ ಬಿಟ್ಟುಕೊಟ್ಟು ಸಾಕಾಗಿದೆ. ಬಂದೋರಿಗೆ ನಾನು ಜಾಗ ಕೊಡಬೇಕು,” ಅಂದರು.

ನಾವೆಲ್ಲ ನಕ್ಕೆವು. ಅವರು ನಗಲಿಲ್ಲ.

ಅವರ ಆಸೆಗೆ ತಕ್ಕಂತೆ ಹಗರೆ ರಸ್ತೆಯಲ್ಲಿ ಒಂದು ತೋಟ ಮಾರಾಟಕ್ಕೆ ಬಂತು. ಬೆಂಗಳೂರಿನ ರಿಟೈರ್ಡ್ ಇಂಜಿನಿಯರೊಬ್ಬರು ಬೇಲೂರು ಹಳೇಬೀಡು ನೋಡಲು ಬರುವವರು ತಂಗಲಿ ಎಂದು ಎರಡು ಎಕರೆ ತೆಂಗಿನ ತೋಟದೊಳಗೆ ಮೂರು ಹೆಂಚಿನ ಮನೆ, ತಮಗೊಂದು ದೊಡ್ಡ ಮನೆ ಕಟ್ಟಿಸಿ, ಎರಡೇ ವರ್ಷದಲ್ಲಿ ಬೇಸತ್ತು ಕೂತಿದ್ದರು. ಮೇಡಂ ನನ್ನನ್ನು ಕರೆದುಕೊಂಡು ನೋಡಲು ಹೋದರು. ಬಾವಿ ನೋಡಲಿಲ್ಲ, ಮರ ಎಣಿಸಲಿಲ್ಲ. ನಾಲ್ಕೂ ಮನೆಯೊಳಗೆ ಹೋಗಿ ಬಾಗಿಲು ಹಾಕಿ, ಒಳಗಿನಿಂದ ಚಿಲಕ ಹಾಕಿ ತೆಗೆದು, ಹೊರಗೆ ಬಂದು “ಚೆನ್ನಾಗಿದೆ” ಅಂದರು.

ಸ್ವಯಂ ನಿವೃತ್ತಿ ತೆಗೆದುಕೊಂಡು, ಅಮ್ಮನ ಒಡವೆಯನ್ನೂ ಮಾರಿ ದುಡ್ಡು ಹೊಂದಿಸಿದರು. ಅಷ್ಟರಲ್ಲಿ ತಕರಾರು ಬಂತು. ನಮ್ಮಲ್ಲಿ ತೋಟದ ಜಮೀನು ಕೊಳ್ಳಬೇಕಾದರೆ ಮೊದಲೇ ರೈತರಾಗಿರಬೇಕು, ಹೆಸರಿನಲ್ಲಿ ಪಹಣಿ ಇರಬೇಕು. ಸಂಬಳದ ಮೇಡಮ್ಮಿನ ಹೆಸರಿನಲ್ಲಿ ಒಂದು ಅಂಗೈ ಅಗಲ ನೆಲವೂ ಇರಲಿಲ್ಲ. ಅವರ ಊರು ಕಣಕಟ್ಟೆಯಲ್ಲಿನ ಪಿತ್ರಾರ್ಜಿತವೆಲ್ಲ ಅಣ್ಣನ ಹೆಸರಿನಲ್ಲಿತ್ತು.

ಇಲ್ಲಿ ನಾನು ಬರುತ್ತೇನೆ. ನಮ್ಮಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು ಅನ್ನುವ ಒಂದೇ ಕಾರಣಕ್ಕೆ, ಖಾತೆ, ಪೋಡಿ, ಹಕ್ಕು ಖುಲಾಸೆ ಅಂತ ಜಮೀನಿನ ಕಾಗದದ ಕೆಲಸ ಯಾರಿಗೆ ಏನು ಬೇಕಾದರೂ ನನ್ನ ಹತ್ತಿರ ಬರುತ್ತಿದ್ದರು. ನನಗೂ ಅದರಲ್ಲಿ ಒಂದು ಗತ್ತು. “ಅದಕ್ಯಾಕೆ ಯೋಚನೆ ಮೇಡಂ? ಅಣ್ಣನ ಹೆಸರಿಗೆ ಬರೆಸಿ, ಅನುಭವ ನಿಮ್ಮದು,” ಅಂದೆ. ಊರಿನಲ್ಲಿ ಎಷ್ಟೋ ಜನ ಹಾಗೇ ಮಾಡುತ್ತಿದ್ದರು.

ಅಣ್ಣ ನಿಜಕ್ಕೂ ದೇವರಂಥ ಮನುಷ್ಯ. ಮಠದ ದಾಸೋಹಕ್ಕೆ ವರ್ಷ ವರ್ಷ ಗಾಡಿಗಟ್ಟಲೆ ತೆಂಗಿನಕಾಯಿ ಕಳಿಸುವವರು. ನನ್ನನ್ನು ಪಕ್ಕಕ್ಕೆ ಕರೆದು ಅವರೇ ಕೇಳಿದರು: “ಮೇಷ್ಟ್ರೇ, ನಂಗೂ ವಯಸ್ಸಾತು. ಇದು ತಂಗಿದು ಅಂತ ಒಂದು ಕಾಗದ ಬರ್ದುಕೊಟ್ಟುಬಿಡ್ಲಾ?”

“ಬೇಡಿ ಯಜಮಾನ್ರೇ,” ಅಂದೆ. “ಬರೆದ್ರೆ ಅದೇ ಬೇನಾಮಿಗೆ ಸಾಕ್ಷಿ ಆಗುತ್ತೆ. ಬಾಯಿಮಾತಲ್ಲೇ ಇರ್ಲಿ. ನಾನಿಲ್ವಾ?”

ನಾನಿಲ್ವಾ! ಎಷ್ಟು ಸಲೀಸಾಗಿ ಬಂತು ಆ ಮಾತು. ವರ್ಷಗಳ ಮೇಲೆ ಒಬ್ಬ ವಕೀಲರಿಗೆ ಇದನ್ನೆಲ್ಲ ಹೇಳಿದಾಗ ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿ, “ಅಣ್ಣನ ಕೈಲಿ ತಂಗಿ ಹೆಸರಿಗೆ ಒಂದು ವಿಲ್ ಬರೆಸಿದ್ದರೆ ಮುಗಿದುಹೋಗ್ತಿತ್ತಲ್ಲ ಮೇಷ್ಟ್ರೇ,” ಅಂದರು. ಅಷ್ಟು ಸುಲಭವಾದದ್ದು ನನ್ನ ತಲೆಗೆ ಹೊಳೆದಿರಲಿಲ್ಲ.

ರಿಜಿಸ್ಟ್ರೇಷನ್ ದಿನ ಬೇಲೂರಿನ ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಹೊಂಗೆ ಮರದ ಕೆಳಗೆ ನಿಂತು ಮೇಡಂ ಕ್ರಯಪತ್ರವನ್ನು ಗಟ್ಟಿಯಾಗಿ ಓದಲು ಶುರುಮಾಡಿದರು. ಪತ್ರ ಬರೆಯುವವನಿಗೆ ರೇಗಿಹೋಯಿತು. “ಮೇಡಮ್ಮೋರೇ, ಇದನ್ನ ಯಾರೂ ಓದಲ್ಲ ಕಣ್ರೀ!”

“ಅದಕ್ಕೇ ಓದ್ತಿದ್ದೀನಿ ಕಣಪ್ಪ,” ಅಂದು ಮುಂದುವರಿಸಿದರು. ಸುತ್ತ ನಿಂತಿದ್ದ ಜನ ಮಾತು ನಿಲ್ಲಿಸಿ ಕೇಳತೊಡಗಿದರು. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಹಗರೆ ರಸ್ತೆ, ಅದರೊಳಗಿನ ಮರಗಿಡ, ಕಲ್ಲು ಬಾವಿ, ಮೂರು ಹೆಂಚಿನ ಮನೆ, ಒಂದು ದೊಡ್ಡ ಮನೆ. ಕೊಂಡುಕೊಳ್ಳುವವರು ಎಂಬಲ್ಲಿಗೆ ಬಂದಾಗ ಅಣ್ಣ, “ಅಲ್ಲಿ ನಿನ್ನೆಸ್ರೇ ಓದವ್ವ, ಯಾರ್ ಕೇಳ್ತಾರೆ,” ಅಂದರು. ಅವರ ಕಣ್ಣು ತುಂಬಿತ್ತು.

“ಬರೆದಿರೋದನ್ನ ಓದ್ಬೇಕು ಅಣ್ಣಯ್ಯ,” ಎಂದು ಮೇಡಂ ಅಣ್ಣನ ಹೆಸರನ್ನು, ತಂದೆಯ ಹೆಸರನ್ನು, ಕಸುಬು ವ್ಯವಸಾಯ ಎಂಬುದನ್ನು ಎಲ್ಲೂ ತಡವರಿಸದೆ ಓದಿ ಮುಗಿಸಿದರು. ಮೊದಲನೆಯ ಸಾಕ್ಷಿಯಾಗಿ ನಾನು ಇಂಗ್ಲಿಷಿನಲ್ಲಿ ಠೀವಿಯಿಂದ ಸಹಿ ಹಾಕಿದೆ.

ಆಮೇಲಿನ ಐದಾರು ವರ್ಷ ಅವರನ್ನು ನೋಡಬೇಕಿತ್ತು. ಮೂರು ಮನೆಗೆ ಹಲಸು, ಹೊಂಗೆ, ಹುಣಸೆ ಎಂದು ಹೆಸರಿಟ್ಟು ತಾವೇ ಸುಣ್ಣ ಬಳಿದರು. ಫ್ರಾನ್ಸಿನ ಆ ಹೆಂಗಸು ತನ್ನ ಪರಿಚಯದವರಿಗೆಲ್ಲ ಹೇಳಿ ಕಳಿಸುತ್ತಿದ್ದಳು. ಫಾರಿನ್‌ನವರು ತಂಗಿದರೆ ಪೊಲೀಸ್ ಠಾಣೆಗೆ ಫಾರಂ ಕೊಡಬೇಕು. ಅದನ್ನು ಕೊಡಲು ಹೋದ ಮೇಡಂ ಅಲ್ಲಿನ ಪೇದೆಯ ಇಂಗ್ಲಿಷ್ ತಿದ್ದಿ ಬರುತ್ತಿದ್ದರು. ಬಂದವರಿಗೆ ಒಂದು ನೋಟ್ ಪುಸ್ತಕ ಕೊಟ್ಟು, “ಹೊಗಳಬೇಡಿ, ಏನು ತಪ್ಪಿತ್ತು ಅಂತ ಬರೀರಿ,” ಅನ್ನುವರು. ಅವರು ಬರೆದು ಹೋದ ಮೇಲೆ ಅದರಲ್ಲಿನ ಸ್ಪೆಲ್ಲಿಂಗ್ ತಪ್ಪುಗಳಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುವರು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂಬುದನ್ನು ಫ್ರೆಂಚಿನಲ್ಲಿ ಹೇಳಿಕೊಡುವಾಗ ಅವರ ಮುಖ ನೋಡಿದರೆ ವ್ಯಾಕರಣದ ಪಾಠ ನಡೆಯುತ್ತಿದೆ ಅನ್ನಬೇಕು.

ಆದರೆ ಮನೆಗೆ ಬಾಡಿಗೆ ತೆಗೆದುಕೊಳ್ಳುವರೇ ಹೊರತು ಊಟಕ್ಕೆ ಒಂದು ಕಾಸು ಮುಟ್ಟುತ್ತಿರಲಿಲ್ಲ. ತೋಟದ ಕೆಲಸದ ಚಿಕ್ಕಮ್ಮ ಎಂಬಾಕೆ ನನ್ನ ಹತ್ತಿರ ದೂರು ಹೇಳಿದಳು: “ನೀವಾರ ಒಸಿ ಯೋಳಿ ಸಾ. ಅವ್ರು ದುಡ್ಡು ಮಡಗ್ತೀವಿ ಅಂತಾರೆ, ಈಯಮ್ಮ ಬ್ಯಾಡ ಅಂತದೆ. ಇದೇನು ಮಠವಾ?”

ನಾನು ಹೇಳಿದೆ. ಮೇಡಮ್ಮಿಗೆ ನಿಜಕ್ಕೂ ನೋವಾಯಿತು. “ನಮ್ಮ ಮನೇಲಿ ಅನ್ನಕ್ಕೆ ರೇಟ್ ಹಾಕಿದ್ದು ಇಲ್ಲ ಸಾರ್. ಉಗ್ರಾಣದಲ್ಲಿ ಮಲಗಿದ್ರೂ ನಾನು ಆ ಮನೆಯೋಳೇ,” ಅಂದರು. ಆಮೇಲೆ ನಾನು ಆ ಮಾತೆತ್ತಲಿಲ್ಲ.

ಭಾನುವಾರ ಬಸ್ಸಿಳಿದು ನಾನು ಹೋದರೆ ದೊಡ್ಡ ಮನೆಯ ಜಗಲಿಯ ಮೇಲೆ ಕೂತಿರುವರು. “ಬನ್ನಿ ಸಾರ್, ನಮ್ಮನೆಗೆ ಬನ್ನಿ,” ಅನ್ನುವರು. ಅರಸೀಕೆರೆಯಿಂದ ಓಡಾಡುತ್ತಿದ್ದ ಅಷ್ಟು ವರ್ಷದಲ್ಲಿ ನಮ್ಮನೆ ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ಕೊಬ್ಬರಿಯ ವಾಸನೆ ಹೋಗಿ ಸೋಪಿನ ವಾಸನೆ ಬಂದಿತ್ತು. ಮೈ ಕೈ ತುಂಬಿಕೊಂಡಿದ್ದರು. ಅಣ್ಣ ತಿಂಗಳಿಗೊಮ್ಮೆ ಬಂದು, ಹಲಸು ಎಂಬ ಮನೆಯಲ್ಲಿ ಒಂದು ರಾತ್ರಿ ಇದ್ದು, ತಂಗಿಯ ಕೈಯಡುಗೆ ಉಂಡು ಹೋಗುತ್ತಿದ್ದರು.

ಆ ಅಣ್ಣ ಒಂದು ಬೆಳಿಗ್ಗೆ ಮಂಡಿಯ ಬಾಗಿಲು ತೆಗೆದು, ಗದ್ದುಗೆಯ ಮೇಲೆ ಕೂತು, ಹಾಗೇ ಒರಗಿಬಿಟ್ಟರು. ಎದೆನೋವು ಅನ್ನಲೂ ಸಮಯವಿರಲಿಲ್ಲ.

ತಿಥಿ ಎಲ್ಲ ಮುಗಿದ ಎರಡು ತಿಂಗಳಿಗೆ ಅಣ್ಣನ ಮಗ ತೋಟಕ್ಕೆ ಬಂದ. ಅವನನ್ನು ಕೆಟ್ಟವನು ಎನ್ನಲು ನನಗೆ ಬಾಯಿ ಬರುವುದಿಲ್ಲ. ಅವನಿಗೆ ಕಾಣಿಸಿದ್ದು ಕಾಗದ. ಅದರಲ್ಲಿ ಅಪ್ಪನ ಹೆಸರಿತ್ತು, ತೋಟದ ದುಡ್ಡು ಯಾರದು ಎಂದು ಅವನಿಗೆ ಯಾರೂ ಕೂರಿಸಿ ಹೇಳಿರಲಿಲ್ಲ. ರಸ್ತೆ ಬದಿಯ ಜಾಗ, ಕಲ್ಯಾಣ ಮಂಟಪ ಕಟ್ಟಲು ಹಾಸನದ ಒಬ್ಬರು ಕೇಳುತ್ತಿದ್ದರು. “ಅತ್ತೆ, ಇದು ಅಪ್ಪಾಜಿ ತೋಟ ಅಂತ್ಲೇ ನಾವೆಲ್ಲ ಅನ್ಕೊಂಡಿರೋದು. ನಿಮ್ಮನ್ನೇನು ಬೀದಿಗೆ ಬಿಡ್ತೀವಾ? ಮನೆಗೆ ಬನ್ನಿ, ನಿಮ್ಮ ರೂಮು ಹಂಗೇ ಐತೆ,” ಅಂದನಂತೆ.

ಮೇಡಂ ಅವನ ಹತ್ತಿರ ವಾದ ಮಾಡಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಸ್ಕೂಲಿಗೆ ಬಂದರು. ಹಳೆಯ ಜಾಗದಲ್ಲಿ, ಮೇಜಿನ ಆ ತುದಿಯಲ್ಲೇ ಕೂತರು. ನಡೆದದ್ದನ್ನೆಲ್ಲ ಹೇಳಿ, ಕೊನೆಗೆ ಕೇಳಿದರು:

“ಸಾರ್, ಮಠದ ಬುದ್ಧಿಯೋರ ಮುಂದೆ ಒಂದು ಪಂಚಾಯ್ತಿ ಮಾಡಿಸ್ತೀನಿ. ಅಲ್ಲಿ ಬಂದು ನೀವು ನಡೆದಿದ್ದು ನಡೆದ ಹಾಗೆ ಹೇಳ್ತೀರಾ? ಅಣ್ಣಯ್ಯ ಇಲ್ಲ. ಈಗ ಗೊತ್ತಿರೋರು ನೀವೊಬ್ರೇ.”

ನಾನು ಬಾಯಿ ತೆರೆದೆ. ಹೂಂ ಅನ್ನಬೇಕಿತ್ತು, ಅಷ್ಟೇ. ಆದರೆ ಆ ತಿಂಗಳು ನನ್ನ ಹೆಡ್‌ಮಾಸ್ಟರ್ ಪ್ರಮೋಷನ್ನಿನ ಪಟ್ಟಿ ಹೊರಡುವುದರಲ್ಲಿತ್ತು. ಬೇನಾಮಿ ಎಂದು ಗೊತ್ತಿದ್ದೂ ಸಾಕ್ಷಿ ಹಾಕಿದೆ ಎಂದು ನಾಲ್ಕು ಜನರ ಮುಂದೆ ಒಪ್ಪಿಕೊಂಡರೆ, ಯಾವನಾದರೂ ಒಂದು ಅರ್ಜಿ ಬರೆದರೆ, ಸರ್ಕಾರಿ ನೌಕರ ನಾನು, ಗತಿಯೇನು? ಇದೆಲ್ಲ ಅರೆಗಳಿಗೆಯಲ್ಲಿ ತಲೆಯೊಳಗೆ ಓಡಿತು.

“ಸ್ವಲ್ಪ ಯೋಚನೆ ಮಾಡಿ ಹೇಳ್ತೀನಿ ಮೇಡಂ,” ಅಂದೆ.

ಅವರು ನನ್ನ ಮುಖ ನೋಡಿದರು. ಮೂವತ್ತು ವರ್ಷ ಮಕ್ಕಳ ಮುಖ ನೋಡಿ, ಪಾಠ ಓದಿಕೊಂಡು ಬಂದಿದೆಯೋ ಇಲ್ಲವೋ ಎಂದು ಕಂಡುಹಿಡಿದವರು. ಬೆಲ್ ಆಯಿತು. “ಹೋಗಿ ಸಾರ್, ನಿಮ್ಮ ಕ್ಲಾಸಿದೆ,” ಎಂದು ಎದ್ದರು. ಬಾಗಿಲ ಹತ್ತಿರ ತಿರುಗಿ, “ತೊಂದ್ರೆ ತಗೋಬೇಡಿ,” ಅಂದರು. ಅದರಲ್ಲಿ ಚುಚ್ಚುವ ದನಿ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಪಂಚಾಯ್ತಿ ಸೇರಲೇ ಇಲ್ಲ. ಕೊಳ್ಳುವವರು ಮಾತ್ರ, ಸುತ್ತಮುತ್ತಲಿನವರೆಲ್ಲ ಇದು ಮೇಡಮ್ಮಿನ ತೋಟ ಅನ್ನುತ್ತಾರಲ್ಲ ಎಂದು ಹೆದರಿ, ಅವರದೂ ಒಂದು ಒಪ್ಪಿಗೆ ಸಹಿ ಬೇಕು ಅಂದರು. ಮೇಡಂ ಬೇಲೂರಿಗೆ ಹೋಗಿ ಸಹಿ ಹಾಕಿ ಬಂದರು. ಆ ದಿನ ಪತ್ರವನ್ನು ಗಟ್ಟಿಯಾಗಿ ಓದಿದರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಅಲ್ಲಿರಲಿಲ್ಲ. ಅಣ್ಣನ ಮಗ ಕೈಗಿಟ್ಟ ದುಡ್ಡನ್ನು ತೋಟದ ಕೆಲಸದ ಚಿಕ್ಕಮ್ಮನ ಮಗಳ ಮದುವೆಗೆ ಕೊಟ್ಟರೆಂದು ಆಮೇಲೆ ಕೇಳಿದೆ. ಅರಸೀಕೆರೆಗೆ ಹೋಗಲಿಲ್ಲ. ಬಾಣಾವರದಲ್ಲಿ ಸ್ಟೇಷನ್ ಹತ್ತಿರ ಒಂದು ರೂಮು ಬಾಡಿಗೆಗೆ ಹಿಡಿದು, ಪೆನ್ಷನ್ನಿನಲ್ಲಿ, ಮಕ್ಕಳಿಗೆ ಟ್ಯೂಷನ್ ಹೇಳಿಕೊಂಡು ಇದ್ದರು.

ನನಗೆ ಪ್ರಮೋಷನ್ ಆಯಿತು. ಬಾಣಾವರದ ಮೇಲೆ ಎಷ್ಟೋ ಸಲ ರೈಲಿನಲ್ಲಿ ಹೋಗಿದ್ದೇನೆ. ಸ್ಟೇಷನ್ ಬಂದಾಗಲೆಲ್ಲ ಪೇಪರ್ ಅಗಲವಾಗಿ ಬಿಡಿಸಿ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದೆ. ಒಂದು ಸಲ, ಒಂದೇ ಒಂದು ಸಲ ಇಳಿದು ಹೋಗಿದ್ದರೆ ಅವರು ಕಾಫಿ ಕೊಟ್ಟೇ ಕಳಿಸುತ್ತಿದ್ದರು ಎಂಬುದು ನನಗೆ ಗೊತ್ತಿತ್ತು. ಅದಕ್ಕೇ ಇಳಿಯಲಿಲ್ಲ.

ತೀರಿಕೊಂಡ ಸುದ್ದಿ ಬಂದ ಮೇಲೆ ಇಳಿದೆ. ರೂಮಿನ ಒಡತಿ ಅರವತ್ತರ ಹೆಂಗಸು, ಹೊಸಿಲ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಹಳೇಬೀಡಿನ ಲೆಕ್ಕದ ಮೇಷ್ಟ್ರು ಎಂದು ಪರಿಚಯ ಹೇಳಿಕೊಂಡೆ. ಮೊರ ಪಕ್ಕಕ್ಕಿಟ್ಟು ಸರಕ್ಕನೆ ಎದ್ದು ನಿಂತಳು.

“ಅಯ್ಯೋ, ಲೆಕ್ಕದ ಮೇಷ್ಟ್ರಾ! ಬನ್ನಿ ಸ್ವಾಮಿ, ಕೂತ್ಕಳಿ. ಟೀಚರಮ್ಮ ನಿಮ್ಮನ್ನ ನೆನೀದ ದಿನಾನೇ ಇಲ್ಲ ಕಣ್ರೀ. ಒಂದು ಕಾಲ್ದಾಗೆ ನಂಗೂ ಒಂದು ತೋಟ ಇತ್ತು, ನಮ್ಮ ಲೆಕ್ಕದ ಮೇಷ್ಟ್ರು ಓಡಾಡಿ ಕೊಡಿಸಿದ್ರು, ಅವರಿಲ್ದಿದ್ರೆ ಆ ಐದಾರು ವರ್ಷ ನಂಗೆಲ್ಲಿ ಸಿಗ್ತಿತ್ತು ಅಂತಿದ್ರು.”

ಅವಳು ಕೊಟ್ಟ ನೀರಿನ ಲೋಟ ಹಿಡಿದುಕೊಂಡು ಕೂತೆ. ಆ ತೋಟವನ್ನು ಕಳೆದವನೂ ನಾನೇ ಕಣಮ್ಮ ಎಂದು ಹೇಳಬೇಕು ಅನ್ನಿಸಿತು. ಕೇಳುವುದಕ್ಕೆ ಆ ಹೆಂಗಸೊಬ್ಬಳೇ ಇದ್ದಳು, ರಿಟೈರಾದ ನನಗೆ ಕಾಯುವ ಪ್ರಮೋಷನ್ನೂ ಇಲ್ಲ, ನೌಕರಿಯೂ ಇಲ್ಲ, ಹೆದರುವುದಕ್ಕೆ ಏನೂ ಉಳಿದಿರಲಿಲ್ಲ. ಆದರೂ, “ಹೌದಮ್ಮ, ನಾನೇ ಕೊಡಿಸಿದ್ದು,” ಅಂದೆ.